ಅತ್ತೆಗೆ ಬಂದುಹೋಗಿದ್ದ ಕಾಮಾಲೆ

ಮೊನ್ನೆ ಸೇಲಂ ಮನೆಯ ಮಹಡಿಯಲ್ಲಿ ಕುಂಡದ ಕಳೆ ಕೀಳುತ್ತಿದ್ದೆ. ಒಂದು ಸಣ್ಣ ಗಿಡ ಕೈಯಲ್ಲೇ ಜಜ್ಜಿಹೋಯಿತು. ಆ ಹಸಿರು ವಾಸನೆ ಮೂಗಿಗೆ ಬಡಿದದ್ದೇ ತಡ, ನಾಲಿಗೆಯೆಲ್ಲ ಕಹಿ. ನೆಲನೆಲ್ಲಿ. ನಮ್ಮ ಕಡೆ ಕೀಳಾನೆಲ್ಲಿ ಅನ್ನುತ್ತಾರೆ. ಅದನ್ನು ಅರೆದು ಮಜ್ಜಿಗೆಗೆ ಹಾಕಿ, ಒಂದು ತಿಂಗಳು ನನ್ನ ಮೂಗು ಹಿಡಿದು ಕುಡಿಸಿದವಳು ನಮ್ಮ ಎದುರುಮನೆ ಅತ್ತೆ...

ಅತ್ತೆ ಅಂದರೆ ನೆಂಟಳಲ್ಲ. ಕಂಬೈನಲ್ಲೂರಿನ ಹತ್ತಿರದ ನಮ್ಮೂರಲ್ಲಿ ಇಡೀ ಬೀದಿಯ ಮಕ್ಕಳಿಗೆ ಅವಳು ಅತ್ತೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಕಾಮಾಲೆ ಬಂತು. ಅವ್ವ ಏಳು ತಿಂಗಳ ಬಸುರಿ. ಅವಳು ನನ್ನ ತಟ್ಟೆ, ಚೊಂಬು, ಬಟ್ಟೆ ಯಾವುದನ್ನೂ ಮುಟ್ಟಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಈ ಕಾಮಾಲೆ ಒಮ್ಮೆ ಬಂದು ವಾಸಿಯಾದರೆ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಬರಗೊಡುವುದಿಲ್ಲ, ಹಾಗೆ ಬಂದುಹೋದವರು ಯಾರಾದರೂ ನೋಡಿಕೊಂಡರೆ ಒಳ್ಳೆಯದು ಅಂದರು. ಅಪ್ಪ ಪೆಚ್ಚಾಗಿ ನಿಂತ. ಜೊತೆಗೆ ಬಂದಿದ್ದ ಅತ್ತೆ ಮುಂದೆ ಬಂದಳು.

"ನನ್ಗೆ ಬಂದೋಗೈತೆ ಸಾರ್. ಇನ್ನು ಅದು ನನ್ ತಂಟೆಗೆ ಬರಾಕಿಲ್ಲ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಡಾಕ್ಟರು ತಾನಾಗಿಯೇ ವಾಸಿಯಾಗುತ್ತದೆ ಎಂದಿದ್ದರೂ ಅತ್ತೆಗೆ ತಾನಾಗಿಯೇ ಆಗುವ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಎಣ್ಣೆ ಇಲ್ಲ, ಉಪ್ಪು ಇಲ್ಲ, ಬರೀ ಗಂಜಿ. ಒಮ್ಮೆ ದಿಂಬಿನ ಕೆಳಗೆ ಬಚ್ಚಿಟ್ಟಿದ್ದ, ಚಕ್ಕುಲಿಯಂಥ ಮುರುಕ್ಕನ್ನು ಹುಡುಕಿ ತೆಗೆದು, ನನ್ನೆದುರೇ ಕೂತು ಕರಕರ ತಿಂದಳು.

ಅದಾದರೂ ಸಹಿಸಬಹುದಿತ್ತು. ಕಾಮಾಲೆ ಇಳಿದಿದೆಯೋ ಇಲ್ಲವೋ ನೋಡಲು ನಮ್ಮಲ್ಲೊಂದು ಪರೀಕ್ಷೆಯಿತ್ತು. ಬಿಳಿ ಬಟ್ಟೆಯ ಚೂರನ್ನು ರೋಗಿಯ ಮೂತ್ರದಲ್ಲಿ ಅದ್ದಿ ಒಣಗಿಸಿ ಬಣ್ಣ ನೋಡುವುದು. ಬೇರೆಯವರು ಹಿತ್ತಲಲ್ಲಿ ಒಣಗಿಸುತ್ತಿದ್ದರು. ನಮ್ಮ ಅತ್ತೆ ಬೀದಿಬದಿಯ ತಂತಿಗೆ ಕಟ್ಟಿದಳು, ದಿನಕ್ಕೊಂದು, ಸಾಲಾಗಿ! ಬಸ್ಸಿಗೆ ಹೋಗುವವರೆಲ್ಲ ನಿಂತು ನೋಡಿ, "ನೆನ್ನೆಗಿಂತ ಪರವಾಯಿಲ್ಲೆ" ಅಂದು ಹೋಗುತ್ತಿದ್ದರು. ನನ್ನ ಕ್ಲಾಸಿನ ಹುಡುಗರೂ ನೋಡಿದರು. ಮಾನ ಮೂರು ಕಾಸಿಗೆ ಹರಾಜಾಯಿತು. ನಾನು ಅತ್ತರೆ, "ಅಳ್ಬ್ಯಾಡ ಲೇ, ಕಣ್ಣೀರೂ ಹಳ್ದಿಯಾಗೇ ಬತ್ತೈತೆ" ಎನ್ನುತ್ತಿದ್ದಳು.

ತನಗೆ ಬಂದಿದ್ದ ಕಾಮಾಲೆಯ ಕಥೆಯನ್ನು ಮಾತ್ರ ಬಲು ರಸವತ್ತಾಗಿ ಹೇಳುತ್ತಿದ್ದಳು. ಒಂದು ದಿನ ಅದು ಬಂದದ್ದು ಹತ್ತನೇ ವಯಸ್ಸಿಗೆ, ಇನ್ನೊಂದು ದಿನ ಮದುವೆಯಾದ ಮೇಲೆ. ಅತ್ತೆಯ ಬಾಯಲ್ಲಿ ಯಾವ ಕಥೆ ತಾನೇ ಎರಡು ದಿನ ಒಂದೇ ಥರ ಇತ್ತು ಎಂದು ನಾವು ನಕ್ಕೆವು.

ಕೊನೆಗೂ ಬಟ್ಟೆ ಬೆಳ್ಳಗಾಯಿತು. ನಾನು ಎದ್ದು ಓಡಾಡುವ ಹೊತ್ತಿಗೆ ಅತ್ತೆ ಓಮಲೂರಿನ ಅಣ್ಣನ ಮನೆಗೆ ಹೊರಟುಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ತಮ್ಮ ಹುಟ್ಟಿದ್ದ, ಗುಂಡುಗುಂಡಾಗಿ. ಅವಳು ಮಾತ್ರ ಅರ್ಧಕ್ಕರ್ಧ ಇಳಿದಿದ್ದಳು. "ಅವರ ಮನೆ ಸಾರು ಸೇರ್ಲಿಲ್ಲ ಕಣೇ" ಅಂದಳು. ಸಾರಿನ ಮೇಲಿನ ಆ ಸಿಟ್ಟನ್ನು ಆಡಿಕೊಂಡು ನಾವು ಎಷ್ಟೋ ವರ್ಷ ನಕ್ಕಿದ್ದೇವೆ.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಕಳೆದ ತಿಂಗಳು ಮಗಳಿಗೆ ಕಾಮಾಲೆಯ ಲಸಿಕೆ ಹಾಕಿಸಲು ಹೋದಾಗ ನನ್ನ ರಕ್ತವನ್ನೂ ಪರೀಕ್ಷೆ ಮಾಡಿದರು. ನನಗೆ ಲಸಿಕೆ ಬೇಡವಂತೆ. ಅಂದು ಹುಟ್ಟಿದ ರಕ್ಷಣೆ ಇನ್ನೂ ಹಾಗೇ ಇದೆಯಂತೆ. ಯಾರಿಗಾದರೂ ಹೇಳಬೇಕೆನಿಸಿತು. ಗಿಡ ಕಿತ್ತ ಮರುದಿನವೇ ಓಮಲೂರಿಗೆ ಹೋಗಿ ಅತ್ತೆಯ ಅತ್ತಿಗೆಯ ಮುಂದೆ ಕೂತು ಹೇಳಿದೆ. ಅತ್ತೆಗೂ ಚಿಕ್ಕಂದಿನಲ್ಲೇ ಬಂದುಹೋಗಿತ್ತಲ್ಲ, ಅದಕ್ಕೇ ನನ್ನಿಂದ ಅಂಟಲಿಲ್ಲ ಅಂದೆ.

ಮುದುಕಿ ಕಾಫಿ ಆರಿಸುವುದನ್ನು ನಿಲ್ಲಿಸಿದಳು.

"ಅವ್ಳಿಗೆಲ್ಲಿ ಬಂದಿತ್ತವ್ವಾ ಮುಂಚೆ? ನಿನ್ನ ನೋಡ್ಕೊಂಡು ಬಂದ್ಮ್ಯಾಲೆ ಇಲ್ಲೇ ಒಂದೂವರೆ ತಿಂಗ್ಳು ಬಿದ್ದಿದ್ಲು, ಅರಿಶಿಣದ ಕೊಂಬಾಗಿ. ಊರಾಗೆ ಯಾರ್ಗೂ ಹೇಳ್ಬ್ಯಾಡಿ, ಆ ಮಗು ಕೊರಗ್ತೈತೆ ಅಂದ್ಲು."

ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ನಾನು ಮಲಗಿದ್ದಷ್ಟು ದಿನ ಅತ್ತೆ ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಅವಳು ಮಲಗಿದ್ದಾಗ ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ... ಅತ್ತೆಗೆ ಬದುಕಿನಲ್ಲಿ ಒಂದೇ ಸಲ ಕಾಮಾಲೆ ಬಂದದ್ದು. ಕೊಟ್ಟವಳು ನಾನು.