ಸದ್ದಿಗೆ ನಿಲ್ಲದ ಕೈ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತ ಹಿದಾಯತ್ ಸುಲಭಕ್ಕೆ ಹೆದರುವ ಆಸಾಮಿಯಲ್ಲ. ಅಂಥವನಿಗೆ ಅವತ್ತು ಆಸ್ಪತ್ರೆಯ ಒಂದು ಕಂಪ್ಯೂಟರಿನ ಮುಂದೆ ಬೆವರು ಕಿತ್ತುಕೊಂಡು ಬಂತು ನೋಡಿ!

ಹರಿಹರದಲ್ಲಿದ್ದ ತಾಯಿ ಹಜೀರಾಬೀಗೆ ಕೈನಡುಕದ ಪಾರ್ಕಿನ್ಸನ್ ಕಾಯಿಲೆ; ಅವಳನ್ನು ತೋರಿಸಲು ಅವತ್ತು ಆಸ್ಪತ್ರೆಗೆ ಕರೆತಂದಿದ್ದ. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದರೆ ಹೀಗಾಗುತ್ತದೆ ಎಂದಿದ್ದರು ಡಾಕ್ಟರ್ ಪೂಜಾ. ಅದೇ ಡೋಪಮೈನ್ ಆರೋಗ್ಯವಂತರ ಕೈಯನ್ನು ಹೇಗೆ ಹಿಡಿತದಲ್ಲಿಡುತ್ತದೆ ಎಂದು ತಿಳಿಯುವ ಅಧ್ಯಯನಕ್ಕೆ ಅವರಿಗೆ ಜನ ಬೇಕಿತ್ತು. "ನಾನೇ ಕೂಡ್ತೀನ್ರಿ, ನನಗೇನು ಧಾಡಿ!" ಎಂದು ಹಿದಾಯತ್ ಎದೆಯುಬ್ಬಿಸಿ ಕೂತ.

ಆಟ ಸುಲಭದ್ದು. ಪರದೆಯಲ್ಲಿ ಬಾಣ ಕಂಡ ಕೂಡಲೇ ಗುಂಡಿ ಒತ್ತಬೇಕು. ಅಷ್ಟರಲ್ಲಿ 'ಟಣ್' ಎಂದು ಸದ್ದಾದರೆ ಒತ್ತದೆ ಕೈ ತಡೆಯಬೇಕು. ಟಣ್ ಎಂದಿತು, ಒತ್ತಿದ. ಮತ್ತೆ ಟಣ್, ಮತ್ತೆ ಒತ್ತಿದ. ಹತ್ತರಲ್ಲಿ ಒಂಬತ್ತು ಸಲ ಹಾಳಾದ ಕೈ ಮಾತೇ ಕೇಳಲಿಲ್ಲ. ಅಮ್ಮನ ರೋಗ ತನಗೂ ಬಂತೇ? ಇನ್ನು ಭಟ್ಟಿಯ ಮುಂದೆ ನಿಲ್ಲುವುದು ಹೇಗೆ?

"ಡಾಕ್ಟ್ರೇ, ಮುಚ್ಚಿಡಬ್ಯಾಡ್ರಿ. ನನಗೂ ಬಂದೈತಾ?"

ಪೂಜಾ ಅವನ ಕೈ ಮಡಚಿ ನೋಡಿದರು, ನಡೆಸಿ ನೋಡಿದರು. ಆಮೇಲೆ ಕೇಳಿದರು: "ಭಟ್ಟೀಲಿ ಅಕ್ಕಿ ಅರಳಿದ್ದು ನಿಮಗೆ ಹೆಂಗೆ ಗೊತ್ತಾಗ್ತೈತ್ರಿ?"

"ಸದ್ದಿನ ಮ್ಯಾಲ್ರೀ. ಚಟಪಟ ಅಂದ ತಕ್ಷಣ ಬಿಸಿ ಮರಳಿಂದ ಬಾಚಿಬಿಡ್ಬೇಕು. ಚೂರು ತಡ ಆದ್ರೂ ಸೀದುಹೋಗ್ತೈತೆ."

ಪೂಜಾ ನಕ್ಕೇಬಿಟ್ಟರು. "ಮತ್ತಿನ್ನೇನು! ಮೂವತ್ತು ವರ್ಷ ಸದ್ದಿಗೆ ಓಡಿದ ಕೈನ ಸದ್ದಿಗೇ ನಿಲ್ಲು ಅಂದ್ರೆ ನಿಲ್ತೈತಾ? ಕೈ ಓಡ್ಸಾಕೂ ತಡೆಯಾಕೂ ಡೋಪಮೈನ್ ಬೇಕು. ನಿಮ್ಮ ಮರಳಿನ ಕಾವಿದ್ದಂಗೆ, ಕಮ್ಮಿ ಆದ್ರೂ ಕೆಡ್ತೈತೆ, ಜಾಸ್ತಿ ಆದ್ರೂ ಕೆಡ್ತೈತೆ. ನಿಮ್ಮಲ್ಲಿ ರೋಗದ ಲಕ್ಷಣ ಒಂದೂ ಇಲ್ಲ."

ಸದ್ದಿನ ಬದಲು ಕೆಂಪು ದೀಪ ಇಟ್ಟರು. ಈ ಸಲ ಕೈ ನಿಂತಿತು. ಒಮ್ಮೊಮ್ಮೆ ತಪ್ಪಿತು, ಅಷ್ಟು ಎಲ್ಲರದೂ ತಪ್ಪುತ್ತದಂತೆ. ಹಿದಾಯತ್‌ಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬೆಂಚಿನ ಮೇಲೆ ಹಜೀರಾಬೀ ಕೂತಿದ್ದಳು. ಮಗ ಬಾಯಿ ತೆರೆಯುವ ಮೊದಲೇ ನಡುಗುವ ಕೈಯಿಂದ ಅವನ ಅಂಗಿ ಹಿಡಿದೆಳೆದಳು.

"ನಿನಗಿಲ್ಲ ತಾನೆ, ಬೇಟಾ?"

"ಇಲ್ಲಮ್ಮಿ. ಏನೂ ಇಲ್ಲ."

ತನಗೆ ಕಾಯಿಲೆ ಎಂದು ಗೊತ್ತಾದ ದಿನವೂ ಒಂದು ಹನಿ ಕಣ್ಣೀರು ಹಾಕದ ಮುದುಕಿ, ಆಸ್ಪತ್ರೆಗೆ ಆಸ್ಪತ್ರೆಯೇ ತಿರುಗಿ ನೋಡುವಂತೆ ಗೊಳೋ ಎಂದು ಅತ್ತಳು.