ಪಾಟಿಚೀಲದೊಳಗಿನ ಭೂಮಿ

ಉಳ್ಳಾಗಡ್ಡಿಯ ಘಾಟು ಮೂಗಿಗೆ ಬಡಿದರೆ ಇವತ್ತಿಗೂ ಐನಾಪುರದ ಶಾಲೆ ನೆನಪಾಗುತ್ತದೆ. ಗುರುಗಳು ಒಂದು ಗಡ್ಡೆಯನ್ನು ಎರಡು ಹೋಳು ಮಾಡಿ, ಸಿಪ್ಪೆಯೇ ನಾವು ನಡೆಯುವ ನೆಲ, ಅದರ ಕೆಳಗೆ ಕಾದ ಬಂಡೆ, ನಟ್ಟನಡುವೆ ಕಬ್ಬಿಣ ಎಂದು ಭೂಮಿಯನ್ನು ತೋರಿಸಿದರು. ಒಂದು ಹೋಳನ್ನು ನನ್ನ ಕೈಗಿಟ್ಟು, "ನಾಳೆ ಇದರ ಚಿತ್ರಾ ಬರಕೊಂಡು ಬಾ. ಇಲ್ಲಂದ್ರ ಹೊರಗ ನಿಂದ್ರಬೇಕು" ಎಂದರು.

ನಮ್ಮದು ಜೈನರ ಮನೆ. ನೆಲದೊಳಗೆ ಬೆಳೆದ ಗಡ್ಡೆ ಹೊಸ್ತಿಲು ದಾಟುವಂತಿರಲಿಲ್ಲ. ಪಾಟಿಚೀಲದಲ್ಲಿ ಬಚ್ಚಿಟ್ಟು ತಂದೆ. ನಾವು ಆಯಿ ಎನ್ನುತ್ತಿದ್ದ ಅಜ್ಜಿಯ ಮೂಗು ಬಿಡಬೇಕಲ್ಲ!

"ಚೀಲದಾಗ ಏನೈತಿ?"

"ಭೂಮಿ ಐತಿ, ಆಯಿ."

"ಹಂಗಾರ ನಿನ್ನ ಭೂಮಿ ತಗೊಂಡು ಹೊರಗ ನಿಂದ್ರು."

ಅದಿಲ್ಲದಿದ್ದರೆ ಶಾಲೆಯ ಹೊರಗೆ, ಅದಿದ್ದರೆ ಮನೆಯ ಹೊರಗೆ. ಕಟ್ಟೆಯ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತ ಚಿತ್ರ ಬರೆದೆ.

ಈಗ ಅಡುಗೆಮನೆ ನನ್ನದೇ. ಆದರೂ ಉಳ್ಳಾಗಡ್ಡಿ ಹೆಚ್ಚುವುದು ಮಾತ್ರ ಹಿತ್ತಲ ಬಾಗಿಲಾಚೆ ನಿಂತೇ.