ಎರಡು ಜೋಡಿ ಮೊಣಕಾಲು

ನಮ್ಮ ಮನೆ ಸೊಲ್ಲಾಪುರದ ಹಳೆಯ ಪೇಟೆಯಲ್ಲಿದೆ. ಕೆಳಗೆ ಭಾಂಡೆ-ಪಾತ್ರೆ ಅಂಗಡಿ, ಅದರ ಹಿಂದೆ ಅಡುಗೆಮನೆ, ಮೇಲೆ ಮಲಗುವ ಕೋಣೆಗಳು. ನಡುವೆ ಹದಿನಾಲ್ಕು ಮೆಟ್ಟಿಲು. ನಲವತ್ತು ವರ್ಷ ಅವನ್ನು ಹತ್ತಿ ಇಳಿದರೂ ನಾನು ಎಣಿಸಿರಲಿಲ್ಲ. ಅರವತ್ತೆಂಟು ತುಂಬಿದ ಮೇಲೆ ಎಣಿಸತೊಡಗಿದೆ.

ಹಂಡೆ, ಕೊಡ, ಪರಾತಗಳನ್ನು ಮೇಲಿನ ಹಲಗೆಯಿಂದ ಇಳಿಸಲು ದಿನಕ್ಕೆ ಎಷ್ಟೋ ಸಲ ಏಣಿ ಹತ್ತಿದವನು ನಾನು. ಒಂದು ದೀಪಾವಳಿಯ ಮುಂಚೆ ಅಂಗಡಿಯ ತುಂಬ ಗಿರಾಕಿಗಳಿದ್ದಾಗ ಏಣಿಯ ಮೇಲೆಯೇ ಬಲಗಾಲು ಹಿಡಿದುಕೊಂಡಿತು. ಮೇಲಕ್ಕೂ ಹೋಗಲಾರೆ, ಕೆಳಕ್ಕೂ ಬರಲಾರೆ. ಮಗ ಬಂದು ಎಲ್ಲರೆದುರು ಸೊಂಟ ಹಿಡಿದು ಇಳಿಸಿದ. ಎಕ್ಸ್‌ರೇ ನೋಡಿದ ಡಾಕ್ಟರು, ಎರಡೂ ಮೊಣಕಾಲಿನ ಗಾದಿ ಸವೆದಿದೆ, ವಂಗಣ ಕಡಿಮೆಯಾಗಿದೆ ಎಂದರು. ಗಾಡಿಯ ಅಚ್ಚಿಗೆ ಬಳಿಯುವ ಎಣ್ಣೆಗೆ ನಮ್ಮ ಕಡೆ ವಂಗಣ ಅನ್ನುತ್ತಾರೆ.

ಮಗ, ಸೊಸೆ ಅಂಗಡಿ ಹಿಡಿದರು. ನಾನು ಮೇಲಿನ ಕೋಣೆಯ ಕಿಟಕಿ ಹಿಡಿದೆ. ಬೆಳಿಗ್ಗೆ ಏಳುವಾಗ ಮೊಣಕಾಲು ಬಿಗಿದಿದ್ದರೆ ಇಡೀ ದಿನ ಕೆಟ್ಟಂತೆಯೇ. ಊಟ ರುಚಿಸುತ್ತಿರಲಿಲ್ಲ. ಕೆಳಗೆ ಮಗ ಗಿರಾಕಿಗಳ ಜೊತೆ ನಗುವುದು ಕೇಳಿದರೂ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಮೆಟ್ಟಿಲು ಹತ್ತಿ ಬಂದವರ ಮೇಲೆ ಬೀಳುತ್ತಿತ್ತು. ಹತ್ತಿ ಬರುತ್ತಿದ್ದವಳು ಹೆಚ್ಚಾಗಿ ನನ್ನ ಹೆಂಡತಿ.

ವಾರಕ್ಕೊಮ್ಮೆ ವ್ಯಾಯಾಮ ಕಲಿಸಲು ಒಬ್ಬ ಹುಡುಗಿ ಬರತೊಡಗಿದಳು. ಮರಾಠಿಯವಳು, ಕನ್ನಡ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಕಾಲು ಚಾಚಿ ಹತ್ತು ಎಣಿಸುವುದು, ಸುತ್ತಿದ ಟವೆಲನ್ನು ಮೊಣಕಾಲಿನ ಕೆಳಗಿಟ್ಟು ಒತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಇಷ್ಟನ್ನು ಕಲಿಸಿ ಒಂದು ನೋಟಬುಕ್ಕು ಕೊಟ್ಟಳು.

"ಕಾಕಾ, ದಿನಾ ಬರೀರಿ. ಎಷ್ಟ ಸಲ ಮಾಡಿದ್ರಿ, ಎಷ್ಟ ತ್ರಾಸ ಆತು, ಮನಸ್ಸು ಹ್ಯಾಂಗಿತ್ತು. ಮನಸ್ಸಿಗಿ ಐದರಾಗ ಮಾರ್ಕ್ ಹಾಕ್ರಿ."

ಮನಸ್ಸಿಗೆ ಮಾರ್ಕು ಎಂದು ನಕ್ಕೆ. ಆದರೆ ಬರೆದೆ. ಮಾರ್ಕಿನ ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲೂ ಬರೆಯತೊಡಗಿದೆ. ಅವಳಿಗೆ ಓದಲು ಬರುವುದಿಲ್ಲವೆಂಬ ಧೈರ್ಯವಿತ್ತು. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅಲ್ಲಿ ಕಾರಿಕೊಂಡೆ.

ತಿಂಗಳಾದ ಮೇಲೆ ಅವಳು ಪುಟ ತಿರುವಿ, "ನೋಡ್ರಿ ಕಾಕಾ, ವ್ಯಾಯಾಮ ಮಾಡಿದ ದಿನ ಮನಸ್ಸು ಚಲೋ ಅದ," ಎಂದಳು.

"ಮನಸ್ಸು ಚಲೋ ಇದ್ದ ದಿನಾನೇ ನಾ ವ್ಯಾಯಾಮ ಮಾಡೀನಿ ತಂಗಿ," ಎಂದೆ.

ಅವಳು ನೋಟಬುಕ್ಕು ಮುಚ್ಚಿ ನನ್ನ ಕೈಗೆ ಕೊಟ್ಟಳು. "ಎರಡೂ ಖರೇ ಇರಬಹುದು. ಮನಸ್ಸು ಕೆಟ್ಟ ದಿನಾ ಒಂದ ಸಲ ಮಾಡಿ ನೋಡ್ರಿ."

ಅಂಥದೊಂದು ದಿನ ಹಲ್ಲು ಕಚ್ಚಿ ಮಾಡಿದೆ. ಬೆಳಿಗ್ಗೆ ಒಂದಿದ್ದ ಮಾರ್ಕು ಸಂಜೆಗೆ ಎರಡಾಯಿತು. ಹೆಚ್ಚೇನಲ್ಲ, ಆದರೆ ಆ ದಿನ ನಾನು ಯಾರನ್ನೂ ಬೈದಿರಲಿಲ್ಲ. ಆಮೇಲೆ ಬಿಡದೆ ಮಾಡಿದೆ. ಮೂರು ತಿಂಗಳಿಗೆ ಗೋಡೆ ಹಿಡಿಯದೆ ಕೆಳಗಿಳಿದು ಅಂಗಡಿಯಲ್ಲಿ ಕೂತೆ. ಊರೇ ಗೆದ್ದವನಂತೆ ಇದ್ದೆ.

ಅದೇ ಹೊತ್ತಿಗೆ ಹೆಂಡತಿಯ ತಮ್ಮನ ಮೊಮ್ಮಗಳಿಗೆ ಹೆಸರಿಡುವ ಕರೆ ಬಂತು. ಅವರ ಊರು ಅಕ್ಕಲಕೋಟೆಯ ಆಚೆ ತಡವಳ. ಮಗ ಕಾರು ಮಾಡಿಕೊಡುತ್ತೇನೆಂದ. ನಾನೇ ಬೇಡವೆಂದೆ. ಬಸ್ಸು ಹತ್ತಿ ತೋರಿಸಬೇಕಿತ್ತು ನನಗೆ.

"ಕಾರಿನ್ಯಾಗ ಹೋದ್ರ ಆರಾಮ ಆಕ್ಕಿತ್ತು," ಎಂದಳು ಹೆಂಡತಿ.

"ನನಗ ಏನೂ ಆಗಂಗಿಲ್ಲ. ನೀ ಅಂಜಬ್ಯಾಡ," ಎಂದೆ. ಅವಳು ನನಗಾಗಿ ಹೇಳಿದಳೆಂದೇ ತಿಳಿದಿದ್ದೆ.

ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕಲಕೋಟೆಯ ಗಾಡಿಗೆ ಜನ ನುಗ್ಗುತ್ತಿದ್ದರು. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಬಹಳ ಎತ್ತರ. ಎರಡೂ ಕಡೆಯ ಸರಳು ಹಿಡಿದು, ಕಡಿಮೆ ನೋಯುವ ಎಡಗಾಲನ್ನು ಮೊದಲಿಟ್ಟು ಹತ್ತಿಬಿಟ್ಟೆ. ಗೆದ್ದ ಖುಷಿಯಲ್ಲಿ ತಿರುಗಿ ನೋಡಿದರೆ ಹೆಂಡತಿ ಕೆಳಗೇ ನಿಂತಿದ್ದಾಳೆ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ. ಸರಳು ಹಿಡಿದು ಜಗ್ಗುತ್ತಿದ್ದಾಳೆ. ಮೈ ಮೇಲೇಳುತ್ತಿಲ್ಲ.

"ಆಜಿ, ಚಲಾ ಲವಕರ!" ಎಂದು ಕಂಡಕ್ಟರ್ ಅವಸರ ಮಾಡಿದ. ಹಿಂದಿನವರು ಗೊಣಗಿದರು. ನನಗೆ ಮರ್ಯಾದೆ ಹೋದಂತಾಯಿತು.

"ನನ್ನ ಮೊಣಕಾಲ ಹಿಂಗ ಆದ್ರೂ ನಾ ಏರೀನಿ. ನಿನಗೇನ ಧಾಡಿ ಆಗೇದ?" ಎಂದು ಎಲ್ಲರಿಗೂ ಕೇಳುವಂತೆ ಬೈದೆ.

ಅವಳು ಕಾಲು ಕೆಳಗಿಳಿಸಿದಳು. ಹಿಂದಿನವರಿಗೆ ದಾರಿ ಬಿಟ್ಟಳು. "ನೀವು ಹೋಗ್ರಿ. ನಾ ಮನಿಗಿ ಹೋಗ್ತೀನಿ," ಎಂದಳು.

ಆಗ ನಾನು ಇಳಿಯಬೇಕಿತ್ತು. ಇಳಿಯಲಿಲ್ಲ. ಅಷ್ಟು ಕಷ್ಟಪಟ್ಟು ಹತ್ತಿದ್ದೇನೆ, ಮತ್ತೆ ಇಳಿಯುವುದು ಹೇಗೆ ಅನ್ನಿಸಿತು. ಜಾಗ ಹೋಗುತ್ತದೆಂದು ಕೂತೆ. ಬಸ್ಸು ಹೊರಟಿತು. ಕೂಸಿನ ಅಂಗಿ, ತಲೆಗೆ ಹಾಕುವ ಕುಂಚಿಗೆಗಳಿದ್ದ ಚೀಲ ಅವಳ ಕೈಯಲ್ಲೇ ಉಳಿದಿತ್ತು. ಅವಳು ಬಸ್ಸಿನ ಕಡೆ ನೋಡುತ್ತಿರಲಿಲ್ಲ. ಕೂರಲು ಎಲ್ಲಾದರೂ ಕಟ್ಟೆ ಇದೆಯೇ ಎಂದು ಸುತ್ತ ನೋಡುತ್ತಿದ್ದಳು.

ಅಕ್ಕಲಕೋಟೆಯಲ್ಲಿ ಅವಳ ತಮ್ಮ ಮೋಟಾರ್‌ಸೈಕಲ್ಲು ತಂದು ಕಾಯುತ್ತಿದ್ದ. ಅಕ್ಕನನ್ನು ಕರೆದೊಯ್ಯಲು ಬೇರೊಬ್ಬರನ್ನೂ ಗಾಡಿ ಸಮೇತ ಕರೆತಂದಿದ್ದ.

"ಅಕ್ಕ ಎಲ್ಲಿ ಮಾವಾರ?"

"ಅಕಿಗಿ ಮನ್ಯಾಗ ಕೆಲಸ ಇತ್ತು," ಎಂದು ಸುಳ್ಳು ಹೇಳಿದೆ.

ಅವನು ನನ್ನ ಮುಖ ನೋಡಿದ. "ಅಕ್ಕನ ಮೊಣಕಾಲ ಭಾಳ ಬ್ಯಾನಿ ಆಗ್ಯಾವೇನ್ರಿ? ವರ್ಷಾತು, ಫೋನಿನ್ಯಾಗ ಅಳ್ತಾಳ. ನಿಮಗ ಹೇಳಬ್ಯಾಡ ಅಂದಿದ್ಳು, ಮೊದಲ ನಿಮಗ ತ್ರಾಸ ಅದ ಅಂತ."

ಗಾಡಿಯ ಹಿಂದೆ ಕೂತು ತಡವಳಕ್ಕೆ ಹೋದೆ. ದಾರಿಯ ಎರಡೂ ಬದಿ ಜೋಳದ ಹೊಲಗಳಿದ್ದವು ಅನ್ನುವುದು ಬಿಟ್ಟರೆ ಬೇರೇನೂ ನೆನಪಿಲ್ಲ. ತೊಟ್ಟಿಲ ಸುತ್ತ ಹೆಂಗಸರು ಹಾಡುತ್ತಿದ್ದರು. ಒಬ್ಬರಾದ ಮೇಲೊಬ್ಬರು ಬಂದು, "ಅಕಿ ಮೊಣಕಾಲ ಹ್ಯಾಂಗ ಅದಾವ್ರಿ?" ಎಂದು ಕೇಳಿದರು. ಊರಿಗೆಲ್ಲ ಗೊತ್ತಿತ್ತು. ಒಂದೇ ಮನೆಯಲ್ಲಿ ಇದ್ದ ನನಗೆ ಗೊತ್ತಿರಲಿಲ್ಲ. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಸಂಜೆ ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು ಹೆಸರುಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು.

"ನನಗ ಯಾಕ ಹೇಳಲಿಲ್ಲ?" ಎಂದೆ.

"ನೀವು ಕೇಳೀರೇನು?"

ಕಲ್ಲು ಆರಿಸುತ್ತಲೇ ಅವಳು ಮುಂದುವರಿಸಿದಳು. "ನಿಮ್ಮ ನೋಟಬುಕ್ಕು ಓದೀನಿ. ನಾನೂ ಕನ್ನಡ ಸಾಲೀನೇ ಕಲ್ತಾಕಿ. ಮೂರು ತಿಂಗಳಿನ್ಯಾಗ ನನ್ನ ಸುದ್ದಿ ನಾಕ ಸಲ ಬಂದದ. ನಾಕೂ ಸಲ ಒಂದೇ ಮಾತು. 'ಚಹಾ ಆರಿತ್ತು, ಇಕಿ ತಡಾ ಮಾಡಿದಳು.' ಚಹಾ ಯಾಕ ಆರಿತ್ತು ಅಂತ ಬರದೀರೇನು? ಏಳನೇ ಮೆಟ್ಟಲದಾಗ ಕುಂತು ದಮ್ಮ ತಗೊಂಡು ಬರ್ತಿದ್ದೆ. ಅಲ್ಲೇ ಆರ್ತಿತ್ತು."

ಅವಳು ಅಳಲಿಲ್ಲ. ಹೆಸರುಕಾಳನ್ನು ಡಬ್ಬಿಗೆ ಸುರಿದು, ಒಲೆಕಟ್ಟೆಗೆ ಎರಡೂ ಕೈ ಊರಿ, ನಿಧಾನಕ್ಕೆ ಎದ್ದಳು. ಹಾಗೆ ಏಳುವುದನ್ನು ನಾನು ಎಷ್ಟು ಸಲ ನೋಡಿದ್ದೆನೋ. ನೋಡಿರಲಿಲ್ಲ ಅನ್ನುವುದೇ ನಿಜ.

ಆ ವಾರವೇ ತೆಗೆಸಿದ ಎಕ್ಸ್‌ರೇಯಲ್ಲಿ ಅವಳ ಮೊಣಕಾಲು ನನ್ನದಕ್ಕಿಂತ ಕೆಟ್ಟಿತ್ತು. ಎಡಗಾಲಿನಲ್ಲಿ ಎಲುಬಿಗೆ ಎಲುಬು ತಾಗಿತ್ತು. ಎಡಗಾಲಿಗೆ ಆಪರೇಶನ್ನೇ ಮಾಡಬೇಕಾದೀತು, ಅದಕ್ಕೆ ಮೊದಲು ತೊಡೆಯಲ್ಲಿ ಶಕ್ತಿ ಬರಲಿ ಎಂದರು ಡಾಕ್ಟರು. ಅಂಗಡಿಯ ಹಿಂದಿನ ಸಾಮಾನಿನ ಕೋಣೆ ಖಾಲಿ ಮಾಡಿಸಿ ನಮ್ಮ ಮಂಚಗಳನ್ನು ಕೆಳಗೆ ತಂದೆವು. ಅಷ್ಟಕ್ಕೆ ಎಲ್ಲ ಸರಿಹೋದೀತೆಂದು ನಾನು ತಿಳಿದಿದ್ದೆ.

ಹಾಗಾಗಲಿಲ್ಲ. ಮುಚ್ಚಿಟ್ಟುಕೊಂಡಷ್ಟು ದಿನ ಓಡಾಡುತ್ತಿದ್ದವಳು ಗೊತ್ತಾದ ಮೇಲೆ ಕುಸಿದುಬಿಟ್ಟಳು. ಸೊಸೆ ಜೋಳದ ಭಾಕರಿ ಬಡಿಯುವುದನ್ನು ಕೂತು ನೋಡುವಳು. ವ್ಯಾಯಾಮದ ಹುಡುಗಿ ಬಂದು ಅವಳಿಗೂ ನೋಟಬುಕ್ಕು ಕೊಟ್ಟಳು. ಅವಳು ಮುಟ್ಟಲಿಲ್ಲ. "ನನ್ನ ಮನಸ್ಸಿಗಿ ಮಾರ್ಕ್ ಹಾಕಾಕ ನಾ ಏನ ಸಾಲಿ ಹುಡುಗೀನ?" ಎಂದಳು. ನಾನು ಒತ್ತಾಯ ಮಾಡಿದರೆ, "ನೀವು ಹೇಳಬ್ಯಾಡ್ರಿ" ಎಂದು ಗೋಡೆಗೆ ಮುಖ ಮಾಡುವಳು. ಆ ದಿನಗಳಲ್ಲಿ ನನ್ನ ಮೊಣಕಾಲು ಹಗುರವಾಗಿತ್ತು. ಮನಸ್ಸಿಗೆ ಮಾತ್ರ ಒಂದಕ್ಕಿಂತ ಹೆಚ್ಚು ಹಾಕಲಾಗಲಿಲ್ಲ.

ಹೇಳುವುದನ್ನು ಬಿಟ್ಟೆ. ದಿನಾ ಬೆಳಿಗ್ಗೆ ಅವಳ ಕುರ್ಚಿಯ ಎದುರು ನನ್ನ ಕುರ್ಚಿ ಹಾಕಿಕೊಂಡು ನನ್ನ ಪಾಡಿಗೆ ನಾನು ಕಾಲು ಚಾಚಿ ಎಣಿಸುತ್ತಿದ್ದೆ. ಎಷ್ಟೋ ದಿನ ಅವಳು ನೋಡುತ್ತಲೂ ಇರಲಿಲ್ಲ. ಒಂದು ಬೆಳಿಗ್ಗೆ ನನ್ನ ಎಣಿಕೆ ಆರಕ್ಕೆ ಬಂದಾಗ, "ಕಾಲ ಬೆರಳ ಮ್ಯಾಲಿ ಮಾಡ್ರಿ, ಕೆಳಗ ಬಿಟ್ಟೀರಿ," ಎಂದಳು. ಹಾಗೆಂದವಳು ತನ್ನ ಬಲಗಾಲನ್ನೂ ಚಾಚಿದಳು. ನಾಲ್ಕರವರೆಗೆ ಹಿಡಿದಳು.

ಈಗ ಕೆಲವು ದಿನ ಮಾಡುತ್ತಾಳೆ, ಕೆಲವು ದಿನ ಇಲ್ಲ. ಮಾಡಿದ ದಿನ ತಮ್ಮನಿಗೆ ಫೋನು ಹಚ್ಚಿ ಕೂಸಿನ ಸುದ್ದಿ ಕೇಳುತ್ತಾಳೆ. ಮಾಡದ ದಿನ ಫೋನು ಬಂದರೂ ಎತ್ತುವುದಿಲ್ಲ. ಬಸ್‌ಸ್ಟ್ಯಾಂಡಿನ ಮಾತನ್ನು ಅವಳು ಇಂದಿಗೂ ಎತ್ತಿಲ್ಲ. ನಾನು ಎರಡು ಸಲ ತಪ್ಪಾಯಿತೆಂದೆ. ಎರಡು ಸಲವೂ ಅವಳು ಎದ್ದು ಹೋದಳು.

ಹೋದ ವಾರ ವ್ಯಾಯಾಮದ ನಡುವೆ ಕೇಳಿದಳು: "ಆಪರೇಶನ್ ಆದ ಮ್ಯಾಲಿ ನೆಲದ ಮ್ಯಾಲಿ ಕುಂಡ್ರಾಕ ಬರ್ತದೇನ್ರಿ? ಪೂಜಿ ಮಾಡಾಕ, ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಳ್ಳಾಕ?"

ಡಾಕ್ಟರು ನನಗೆ ಹೇಳಿದ್ದರು. ಸುಳ್ಳು ಹೇಳುವ ಆಸೆಯಾಯಿತು.

"ಇಲ್ಲ, ಬರಂಗಿಲ್ಲ," ಎಂದೆ.

ಅವಳು ಚಾಚಿದ್ದ ಕಾಲನ್ನು ಕೆಳಗಿಳಿಸಿಬಿಟ್ಟಳು. ಆಪರೇಶನ್ನಿಗೆ ಇನ್ನೂ ಹ್ಞೂಂ ಅಂದಿಲ್ಲ, ಊಹೂಂ ಅಂದೂ ಇಲ್ಲ. ಮರುದಿನ ಬೆಳಿಗ್ಗೆ ನಾನು ಕುರ್ಚಿ ಎಳೆಯುವಷ್ಟರಲ್ಲಿ ಅವಳು ತನ್ನ ಕುರ್ಚಿಯಲ್ಲಿ ಬಂದು ಕೂತಿದ್ದಳು. ಕೈ ಊರದೆ ಏಳಲು ನೋಡಿದಳು, ಆಗಲಿಲ್ಲ. ನನ್ನ ಕೈ ಮುಂದಿಟ್ಟೆ. ಹಿಡಿಯಲಿಲ್ಲ. ಮತ್ತೊಮ್ಮೆ ತಾನೇ ಏಳಲು ನೋಡಿದಳು.